ಬಯಾಪ್ಸಿಯಲ್ಲಿ ಫಂಗಸ್ ಇದೆ, ಯಾವುದು ಅಂತ ಗೊತ್ತಾಗಿಲ್ಲ: ಐಎಚ್‌ಸಿ ಮಾಡಿಸಬೇಕಾ?

ಕೆರೆದಂಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಾಕ್ಟರುಗಳು, ಲ್ಯಾಬಿನವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಹಳೆಯ ಸಕ್ಕರೆ ಕಾಯಿಲೆ. ಹೋದ ತಿಂಗಳು ಎಡಗಡೆ ಕೆನ್ನೆ ಊದಿಕೊಂಡಿತು. ಮೇಲಿನ ಹಲ್ಲುಗಳು ಜೋಮು ಹಿಡಿದ ಹಾಗೆ ಆದವು. ಇಎನ್‌ಟಿ ಡಾಕ್ಟರ್ ಎಂಡೋಸ್ಕೋಪಿ ಮಾಡಿ ಅವತ್ತೇ ಸೈನಸ್‌ನಿಂದ ತುಣುಕು ತೆಗೆದರು. 2021ರ ಬ್ಲ್ಯಾಕ್ ಫಂಗಸ್ ದಿನಗಳನ್ನು ಕಂಡವರು ಅವರು. ರಿಪೋರ್ಟಿಗೆ ಕಾಯದೆ ಲೈಪೊಸೋಮಲ್ ಆಂಫೊಟೆರಿಸಿನ್ ಅನ್ನುವ ಫಂಗಸ್ ಔಷಧಿಯ ಡ್ರಿಪ್ ಶುರು ಮಾಡಿದರು.

ರಿಪೋರ್ಟಿನ ಸಾರ ಹೀಗಿದೆ: ಸತ್ತ ಅಂಗಾಂಶದೊಳಗೆ ತುಂಡಾದ ಫಂಗಸ್ ಎಳೆಗಳಿವೆ, ಜಿಎಂಎಸ್ ಸ್ಟೇನ್ (ಫಂಗಸ್ ಕಪ್ಪಾಗಿ ತೋರಿಸುವ ಬಣ್ಣ) ಪಾಸಿಟಿವ್, ಆಕಾರ ನೋಡಿ ಯಾವ ಗುಂಪು ಅಂತ ಹೇಳಲಾಗದು, ಐಎಚ್‌ಸಿ ಅಥವಾ ಪಿಸಿಆರ್ (ಡಿಎನ್‌ಎ ಹುಡುಕುವ ಟೆಸ್ಟ್) ಮಾಡಿಸಿ. ಈಗ ಡ್ರಿಪ್‌ನಿಂದ ಕಿಡ್ನಿಗೆ ಪೆಟ್ಟಾಗಿ ಕ್ರಿಯಾಟಿನಿನ್ ಏರುತ್ತಿದೆ. ಆಸ್ಪರ್ಜಿಲಸ್ ಅನ್ನುವ ಫಂಗಸ್ ಆಗಿದ್ದರೆ ವೊರಿಕೊನಜೋಲ್ ಔಷಧಿಗೆ ಬದಲಾಯಿಸಬಹುದು, ಮ್ಯೂಕರ್ (ಬ್ಲ್ಯಾಕ್ ಫಂಗಸ್) ಆಗಿದ್ದರೆ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಈ ಐಎಚ್‌ಸಿ ಅಂದರೆ ಏನು? ಕ್ಯಾನ್ಸರಿಗೆ ಮಾಡುವ ಟೆಸ್ಟ್ ಅಲ್ವಾ ಅದು? ನಂಬಬಹುದಾ?

ಸ್ಲೈಡ್‌ಪೆಟ್ಟಿಗೆ

ಮೇಡಂ, ನಾನು ಪ್ಯಾಥಾಲಜಿಸ್ಟ್. ಮೊದಲು ಒಂದು ಮಾತು: ಈ ಟೆಸ್ಟಿನ ಉತ್ತರ ಬರುವವರೆಗೆ ಡ್ರಿಪ್ ನಿಲ್ಲಿಸುವ ಯೋಚನೆ ಬೇಡ. ವೊರಿಕೊನಜೋಲ್ ಮ್ಯೂಕರ್ ಗುಂಪಿನ ಫಂಗಸ್ ಮೇಲೆ ಕೆಲಸ ಮಾಡುವುದೇ ಇಲ್ಲ. ಊಹೆಯ ಮೇಲೆ ಬದಲಾಯಿಸಿದರೆ ರೋಗ ಕಣ್ಣಿಗೆ, ಅಲ್ಲಿಂದ ಮೆದುಳಿಗೆ ಹತ್ತಬಹುದು. ಕಿಡ್ನಿ ಬಗ್ಗೆ ಡಾಕ್ಟರ ಹತ್ತಿರ ಇದನ್ನು ಕೇಳಿ: ಇಸಾವುಕೊನಜೋಲ್, ಪೋಸಕೊನಜೋಲ್ ಎರಡೂ ಫಂಗಸ್ ಮೇಲೆ ಕೆಲಸ ಮಾಡುವ ಔಷಧಿಗಳು, ಅವು ಅಪ್ಪನಿಗೆ ಆಗುತ್ತವೆಯಾ ಅಂತ.

ಇನ್ನು ರಿಪೋರ್ಟ್. "ಹೇಳಲಾಗದು" ಅಂತ ಬರೆದವರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಪುಸ್ತಕದ ಪ್ರಕಾರ ಆಸ್ಪರ್ಜಿಲಸ್ ಎಳೆ 3ರಿಂದ 6 ಮೈಕ್ರಾನ್ ದಪ್ಪ, ಒಂದೇ ಸಮ, ನಡುನಡುವೆ ಅಡ್ಡಗೋಡೆ, 45 ಡಿಗ್ರಿಯ ಆಸುಪಾಸಿನಲ್ಲಿ ಕವಲು. ಮ್ಯೂಕರ್ ಗುಂಪಿನ ಎಳೆ ಅಗಲ, ಹೆಚ್ಚುಕಮ್ಮಿ 6ರಿಂದ 25 ಮೈಕ್ರಾನ್, ಅಡ್ಡಗೋಡೆ ಅಪರೂಪ, ಕವಲು ಲಂಬಕೋನಕ್ಕೆ, ಒದ್ದೆ ರಿಬ್ಬನ್ ಹಾಗೆ ಮಡಚಿಕೊಂಡಿರುತ್ತದೆ. ಚಿತ್ರದಲ್ಲಿ ಇದು ಸುಲಭ. ಸತ್ತ ಅಂಗಾಂಶದಲ್ಲಿ ಆಸ್ಪರ್ಜಿಲಸ್ ಊದಿಕೊಂಡು ಅಗಲವಾಗುತ್ತದೆ. ಮ್ಯೂಕರ್ ಮಡಚಿದ ಗೆರೆ ಅಡ್ಡಗೋಡೆಯಂತೆ ತೋರುತ್ತದೆ. ಎಳೆ ಅಡ್ಡಕ್ಕೆ ಕತ್ತರಿಸಿದ್ದರೆ ಸುಮ್ನೆ ಗುಂಡಗೆ ಕಾಣುತ್ತದೆ, ಯೀಸ್ಟ್ ಇರಬಹುದಾ ಅಂತ ಅನುಮಾನ ಬರುತ್ತದೆ. ಎಳೆಗಳು ತುಂಡಾಗಿದ್ದರೆ ಕೋನ ಅಳೆಯುವುದು ಎಲ್ಲಿಂದ?

ಇಂಥ ಕಡೆಯೇ ಐಎಚ್‌ಸಿ (ಇಮ್ಯುನೊಹಿಸ್ಟೊಕೆಮಿಸ್ಟ್ರಿ) ಬೇಕಾಗುವುದು. ಮ್ಯೂಕರ್ ಗುಂಪಿನ ರೈಜೋಪಸ್ ವಿರುದ್ಧ ತಯಾರಿಸಿದ ಆಂಟಿಬಾಡಿಯನ್ನು ಒಂದು ಸ್ಲೈಡಿಗೆ, ಆಸ್ಪರ್ಜಿಲಸ್ ವಿರುದ್ಧದ್ದನ್ನು ಇನ್ನೊಂದಕ್ಕೆ ಹಾಕುತ್ತಾರೆ. ತನ್ನ ಗುರುತು ಸಿಕ್ಕ ಕಡೆ ಆಂಟಿಬಾಡಿ ಅಂಟಿಕೊಳ್ಳುತ್ತದೆ. ಅದರ ಬೆನ್ನಿಗೆ ಒಂದು ಎಂಜೈಮ್ ಕಟ್ಟಿ, ಡಿಎಬಿ ಅನ್ನುವ ಬಣ್ಣದ ದ್ರಾವಣ ಹಾಕಿದರೆ ಆ ಜಾಗ ಕಂದಾಗುತ್ತದೆ. ಉಳಿದದ್ದೆಲ್ಲ ಹೆಮಟಾಕ್ಸಿಲಿನ್‌ನ ನೀಲಿ. ಯಾವ ಸ್ಲೈಡಿನಲ್ಲಿ ಎಳೆ ಕಂದಾಯಿತು ಅಂತ ನೋಡುವುದು.

ಕೆರೆದಂಡೆ

ತುಂಬಾ ಥ್ಯಾಂಕ್ಸ್ ಸರ್. ಒಂದು ಗೊಂದಲ. ಅಪ್ಪನ ರಕ್ತದಲ್ಲೇ ಆಂಟಿಬಾಡಿ ನೋಡಿದರೆ ಆಗಲ್ವಾ? ಡೆಂಗಿಗೆ ಹಾಗೆ ಮಾಡ್ತಾರಲ್ಲ.

ಸ್ಲೈಡ್‌ಪೆಟ್ಟಿಗೆ

ಅದು ತದ್ವಿರುದ್ಧ ದಿಕ್ಕಿನ ಟೆಸ್ಟ್. ಡೆಂಗಿಯ ಐಜಿಎಂ ಟೆಸ್ಟಿನಲ್ಲಿ ರೋಗಿಯ ಮೈ ತಯಾರಿಸಿದ ಆಂಟಿಬಾಡಿಯನ್ನು ಹುಡುಕುತ್ತೇವೆ. ಇಲ್ಲಿ ಆಂಟಿಬಾಡಿ ನಮ್ಮದು, ಇಲಿಯಲ್ಲೋ ಮೊಲದಲ್ಲೋ ತಯಾರಾಗಿ ಬಾಟಲಿಯಲ್ಲಿ ಬಂದದ್ದು. ಹುಡುಕುವುದು ಕ್ರಿಮಿಯನ್ನೇ, ಅದೂ ಅಂಗಾಂಶದೊಳಗೆ ಅದು ಕೂತ ಜಾಗದಲ್ಲೇ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದರಿಂದ ದೊಡ್ಡ ಅನುಕೂಲ. ಅವರ ಮೈ ಆಂಟಿಬಾಡಿ ಮಾಡದೇ ಇದ್ದರೂ ಸ್ಲೈಡಿನಲ್ಲಿ ಕ್ರಿಮಿ ಇರುತ್ತದಲ್ಲ.

ಕ್ಯಾನ್ಸರ್ ಟೆಸ್ಟ್ ಅಲ್ವಾ ಅಂದಿರಿ. ಇವತ್ತು ಅದಕ್ಕೇ ಜಾಸ್ತಿ ಬಳಕೆ, ನಿಜ. ಆದರೆ ವಿದ್ಯೆ ಹುಟ್ಟಿದ್ದು ಸೋಂಕಿನ ಹುಡುಕಾಟದಲ್ಲಿ. 1941ರಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಯವರು ಹೊಳೆಯುವ ಬಣ್ಣ ಕಟ್ಟಿದ್ದು ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಆಂಟಿಬಾಡಿಗೆ. ಬಣ್ಣದ ಬದಲು ಎಂಜೈಮ್ ಕಟ್ಟುವುದು ಬಂದದ್ದು 1960ರ ದಶಕದಲ್ಲಿ. ಒಂದೇ ಗುರುತಿಗೆ ಅಂಟುವ ಮೋನೋಕ್ಲೋನಲ್ ಆಂಟಿಬಾಡಿ 1975ರಲ್ಲಿ. ತುಣುಕು ಕೆಡದಂತೆ ಇಡುವ ಫಾರ್ಮಲಿನ್‌ನಲ್ಲಿ ಮುಚ್ಚಿಹೋದ ಗುರುತುಗಳನ್ನು ಬಿಸಿ ಮಾಡಿ ತೆರೆಯುವ ವಿಧಾನ 1991ರಲ್ಲಿ. ಈ ಕೊನೆಯದು ಬಂದ ಮೇಲೆಯೇ ಮಾಮೂಲಿ ಲ್ಯಾಬುಗಳಿಗೆ ಇದು ದಕ್ಕಿದ್ದು.

ಪ್ಯಾರಾಫಿನ್ ಕೈ

ಹುಬ್ಬಳ್ಳಿ ಕಡೆಯ ಲ್ಯಾಬ್ ಟೆಕ್ನಿಷಿಯನ್ ನಾನು. ಸರ್ ಹೇಳಿದ್ದಕ್ಕೆ ನಮ್ಮ ಟೇಬಲ್ ಕಡೆಯಿಂದ ಸ್ವಲ್ಪ ಸೇರಿಸ್ತೀನಿ, ಇದು ಮನೆಯವರಿಗೂ ಉಪಯೋಗಕ್ಕೆ ಬರುತ್ತದೆ.

ಸೈನಸ್ ತುಣುಕು ಅಂದರೆ ಚೂರುಚೂರು. ಅದನ್ನು ಮೇಣದ ಬ್ಲಾಕ್‌ನಲ್ಲಿ ಕೂರಿಸಿ 3–4 ಮೈಕ್ರಾನ್ ದಪ್ಪಕ್ಕೆ ಕತ್ತರಿಸುತ್ತೇವೆ. ಪ್ರತಿ ಸಲ ಬ್ಲಾಕನ್ನು ಮೈಕ್ರೋಟೋಮಿಗೆ (ಕತ್ತರಿಸುವ ಯಂತ್ರಕ್ಕೆ) ಹತ್ತಿಸಿದಾಗ ಮಟ್ಟ ಮಾಡಲಿಕ್ಕೇ ಒಂದಿಷ್ಟು ಅಂಗಾಂಶ ಹೋಗುತ್ತದೆ. ಇವತ್ತು ಜಿಎಂಎಸ್‌ಗೆ, ನಾಳೆ ಪಿಎಎಸ್ ಅನ್ನುವ ಇನ್ನೊಂದು ಸ್ಟೇನ್‌ಗೆ, ವಾರ ಬಿಟ್ಟು ಐಎಚ್‌ಸಿಗೆ ಅಂತ ಮೂರು ಸಲ ಹತ್ತಿಸಿದರೆ ಸಣ್ಣ ಬಯಾಪ್ಸಿಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಮೊದಲ ಸಲವೇ ಸ್ಟೇನ್ ಮಾಡದ ಹೆಚ್ಚುವರಿ ಸ್ಲೈಡ್‌ಗಳನ್ನು ಕತ್ತರಿಸಿ ಇಡಲು ಕೇಳಿ. ಅವು ತುಣುಕನ್ನು ಗಟ್ಟಿಯಾಗಿ ಹಿಡಿಯುವ ಚಾರ್ಜ್ಡ್ ಸ್ಲೈಡ್ ಆಗಿರಲಿ. ಸತ್ತ ಅಂಗಾಂಶಕ್ಕೆ ಅಂಟುವ ಗುಣ ಕಮ್ಮಿ. ಮುಚ್ಚಿಹೋದ ಗುರುತು ತೆರೆಯಲು ಸಿಟ್ರೇಟ್ ಬಫರ್ ದ್ರಾವಣದಲ್ಲಿ ಕುದಿಸುವಾಗ ಮಾಮೂಲಿ ಸ್ಲೈಡಿನಿಂದ ತುಣುಕು ಎದ್ದು ತೇಲಿಬಿಡುತ್ತದೆ.

ಸತ್ತ ಅಂಗಾಂಶದ ಇನ್ನೊಂದು ಕಾಟ ಅಂದರೆ ಹಿನ್ನೆಲೆಯೆಲ್ಲ ತೆಳು ಕಂದು ಹಿಡಿಯುವುದು. ಅದಕ್ಕೆ ಮೊದಲೇ 3% ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ರಕ್ತಕಣಗಳ ಎಂಜೈಮನ್ನು ಕೊಲ್ಲುತ್ತೇವೆ. ಆದರೂ ಅಂಚುಗಳಲ್ಲಿ ಕಂದು ನಿಲ್ಲುತ್ತದೆ. ಅಂಚಿನ ಬಣ್ಣ ನೋಡಿ ಪಾಸಿಟಿವ್ ಅನ್ನಬಾರದು. ಎಳೆಯ ಗೋಡೆ ಗೆರೆ ಎಳೆದಂತೆ ಕಂದಾಗಿರಬೇಕು.

ಇದೆಲ್ಲಕ್ಕಿಂತ ಮುಖ್ಯ ಕಂಟ್ರೋಲ್. ಮ್ಯೂಕರ್ ಅಂತ ಖಾತ್ರಿಯಾದ ಹಳೆಯ ಬ್ಲಾಕಿನ ತುಣುಕು ಒಂದು, ಆಸ್ಪರ್ಜಿಲಸ್ ಅಂತ ಖಾತ್ರಿಯಾದದ್ದು ಒಂದು, ಎರಡನ್ನೂ ರೋಗಿಯ ತುಣುಕಿನ ಜೊತೆ ಓಡಿಸಬೇಕು. ರೈಜೋಪಸ್ ಆಂಟಿಬಾಡಿ ಮ್ಯೂಕರ್ ತುಣುಕಿನಲ್ಲಿ ಕಂದಾಗಬೇಕು, ಆಸ್ಪರ್ಜಿಲಸ್ ತುಣುಕಿನಲ್ಲಿ ಏನೂ ಕಾಣಬಾರದು. ಇನ್ನೊಂದು ಆಂಟಿಬಾಡಿಗೆ ಇದೇ ಲೆಕ್ಕ ತಿರುಗಿಸಿ. ಈ ನಾಲ್ಕೂ ಸರಿ ಬಂದರೆ ಮಾತ್ರ ರೋಗಿಯ ಸ್ಲೈಡ್ ನೋಡುವುದು. ಲ್ಯಾಬಿಗೆ ಫೋನ್ ಮಾಡಿ "ಎರಡೂ ಕಂಟ್ರೋಲ್ ಇಡ್ತೀರಾ?" ಅಂತ ಕೇಳಿದರೆ ತಪ್ಪೇನಿಲ್ಲ ರೀ, ಕೇಳಿ.

ಅಗಾರ್‌ತಟ್ಟೆ

ನಾನು ಮೈಕ್ರೋಬಯಾಲಜಿಯವಳು. ಯಾರೂ ಇನ್ನೂ ಕೇಳದ ಪ್ರಶ್ನೆ ಕೇಳ್ತೀನಿ: ಅವತ್ತು ತೆಗೆದ ತುಣುಕು ಪೂರ್ತಿ ಫಾರ್ಮಲಿನ್‌ಗೆ ಹೋಯಿತಾ, ಅಥವಾ ಒಂದು ಚೂರು ಸಲೈನ್‌ನಲ್ಲಿ ನಮ್ಮ ಕಡೆಗೂ ಬಂತಾ?

ಇದು ನನ್ನ ಬಹಳ ದಿನದ ಸಂಕಟ. ಫಾರ್ಮಲಿನ್‌ಗೆ ಬಿದ್ದ ಫಂಗಸ್ ಸತ್ತಿತು, ಅದನ್ನು ಬೆಳೆಸಲು ಆಗುವುದಿಲ್ಲ. ಸಲೈನ್‌ನಲ್ಲಿ ಬಂದ ಚೂರನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಕೋಫ್ಲೋರ್ ವೈಟ್ ಅನ್ನುವ ಹೊಳೆಯುವ ಬಣ್ಣ ಹಾಕಿ ನೋಡಿದರೆ ಅವತ್ತೇ ಎಳೆಗಳು ಹೊಳೆಯುತ್ತವೆ. ಚೂರನ್ನು ಒತ್ತಿ ನೋಡುವುದರಿಂದ ಉದ್ದುದ್ದ ಎಳೆ ಇಡಿಯಾಗಿ ಸಿಗುತ್ತದೆ, ಅಗಲ, ಕವಲು ಎಲ್ಲ ಸ್ಪಷ್ಟ. ಕಲ್ಚರ್ (ತಟ್ಟೆಯಲ್ಲಿ ಬೆಳೆಸುವುದು) ಬಂದರೆ ಜಾತಿಯ ಹೆಸರು ಸಿಗುತ್ತದೆ, ಯಾವ ಔಷಧಿಗೆ ಬಗ್ಗುತ್ತದೆ ಅಂತಲೂ ನೋಡಬಹುದು. ಈ ಎರಡನೆಯದನ್ನು ಐಎಚ್‌ಸಿ ಯಾವತ್ತೂ ಹೇಳುವುದಿಲ್ಲ.

ಕಲ್ಚರ್‌ಗೂ ಮಿತಿ ಇದೆ. ಮ್ಯೂಕರ್ ಎಳೆಗಳಿಗೆ ಅಡ್ಡಗೋಡೆ ಬಹುತೇಕ ಇಲ್ಲದ್ದರಿಂದ ತುಣುಕನ್ನು ಅರೆದರೆ ಒಳಗಿನದೆಲ್ಲ ಸೋರಿ ಸಾಯುತ್ತವೆ. ಸಣ್ಣಗೆ ಹೆಚ್ಚಬೇಕು, ಅರೆಯಬಾರದು. ಹಾಗೆ ಮಾಡಿದರೂ ಎಷ್ಟೋ ಸಲ ಬೆಳೆಯುವುದೇ ಇಲ್ಲ.

ರಕ್ತದ ಟೆಸ್ಟ್ ಬಗ್ಗೆ ಕೇಳಿದ್ದಿರಿ. ಗ್ಯಾಲಕ್ಟೋಮ್ಯಾನನ್ ಅಂತ ಒಂದಿದೆ, ಆಸ್ಪರ್ಜಿಲಸ್ ಗೋಡೆಯ ಸಕ್ಕರೆ, ಅದನ್ನು ರಕ್ತದಲ್ಲಿ ಹುಡುಕುತ್ತಾರೆ. ಮ್ಯೂಕರ್‌ನಲ್ಲಿ ಅದು ಇರುವುದಿಲ್ಲ. ಆದರೆ ನಿಮ್ಮ ಅಪ್ಪನಂಥ ಸಕ್ಕರೆ ರೋಗಿಗಳಲ್ಲಿ, ರೋಗ ಸೈನಸ್‌ನಲ್ಲಿ ಮಾತ್ರ ಇದ್ದರೆ, ಆಸ್ಪರ್ಜಿಲಸ್ ಇದ್ದರೂ ನೆಗೆಟಿವ್ ಬರಬಹುದು. ನೆಗೆಟಿವ್ ಬಂತು ಅಂತ ಮ್ಯೂಕರ್ ಅನ್ನಲಾಗದು.

ಕೊನೆಯದಾಗಿ, ಪಿಸಿಆರ್ ಇರುವಾಗ ಐಎಚ್‌ಸಿ ಯಾಕೆ ಅನ್ನುವುದು ನನ್ನ ಪ್ರಶ್ನೆ. ಫಂಗಸ್ ಆಂಟಿಬಾಡಿಗಳು ಒಂದರ ಗುರುತು ಇನ್ನೊಂದರಲ್ಲೂ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆಸ್ಪರ್ಜಿಲಸ್‌ನ ಗ್ಯಾಲಕ್ಟೋಮ್ಯಾನನ್‌ಗೆ ಮಾಡಿದ ಆಂಟಿಬಾಡಿ ಫ್ಯುಸೇರಿಯಂ, ಟ್ಯಾಲರೊಮೈಸಿಸ್ ಅನ್ನುವ ಬೇರೆ ಫಂಗಸ್‌ಗಳಿಗೂ ಅಂಟಬಲ್ಲದು. ಅದರ ಗೋಡೆಯ ಸಕ್ಕರೆಗಳೇ ಹಾಗೆ, ಹಲವು ಫಂಗಸ್‌ಗಳಿಗೆ ಸಾಮಾನ್ಯ.

ಸ್ಲೈಡ್‌ಪೆಟ್ಟಿಗೆ

ಒಂದರ ಆಂಟಿಬಾಡಿ ಇನ್ನೊಂದನ್ನೂ ಹಿಡಿಯುವ ಈ ಅಡ್ಡಹಿಡಿತದ ಬಗ್ಗೆ ಮೇಡಂ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಬರೇ ಒಂದು ಆಂಟಿಬಾಡಿ ಹಾಕಿ ಪಾಸಿಟಿವ್ ಅಂತ ಕೊಡುವ ರಿಪೋರ್ಟನ್ನು ನಾನು ನಂಬುವುದಿಲ್ಲ. ಜೋಡಿಯಾಗಿ ಹಾಕಬೇಕು, ಒಂದು ಹಿಡಿದು ಇನ್ನೊಂದು ಬಿಟ್ಟರೆ ಅದಕ್ಕೆ ಅರ್ಥ.

ಆದರೆ ಪಿಸಿಆರ್ ಸಾಕು ಅನ್ನುವುದಕ್ಕೆ ನನ್ನ ತಕರಾರಿದೆ. ಫಂಗಸ್ ಬೀಜಗಳು ಗಾಳಿಯಲ್ಲಿ, ಮೂಗಿನಲ್ಲಿ, ಮೇಣದಲ್ಲಿ, ಎಲ್ಲ ಕಡೆ ಇರುತ್ತವೆ. ಪಿಸಿಆರ್ ಅವುಗಳನ್ನೂ ಎತ್ತಿ ತೋರಿಸುತ್ತದೆ. ಫಾರ್ಮಲಿನ್ ಡಿಎನ್‌ಎಯನ್ನು ತುಂಡರಿಸುವುದರಿಂದ ನಿಜವಾದ ಫಂಗಸ್ ತಪ್ಪಿಹೋಗಿ ಧೂಳಿನದ್ದು ಬರುವ ಅಪಾಯವೂ ಇದೆ. ಯುರೋಪ್ ಮತ್ತು ಅಮೆರಿಕದ ತಜ್ಞರ ಗುಂಪುಗಳು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯಲ್ಲಿ ಬ್ಲಾಕಿನ ಪಿಸಿಆರ್ ಅನ್ನು ಖಚಿತ ಪುರಾವೆಯಾಗಿ ಒಪ್ಪಿದ್ದಾರೆ. ಆದರೆ ಸ್ಲೈಡಿನಲ್ಲಿ ಫಂಗಸ್ ಕಂಡಿರಬೇಕು, ಡಿಎನ್‌ಎ ಸೀಕ್ವೆನ್ಸ್ ಕೂಡ ಮಾಡಿರಬೇಕು ಅನ್ನುವ ಷರತ್ತು ಹಾಕಿದ್ದಾರೆ. ಐಎಚ್‌ಸಿಯಲ್ಲಿ ನನಗೆ ಬೇಕಾದದ್ದು ಕಣ್ಣೆದುರೇ ಇರುತ್ತದೆ. ರಕ್ತನಾಳದ ಗೋಡೆ ಸೀಳಿ ಒಳನುಗ್ಗಿದ ಆ ಎಳೆಯೇ ಕಂದಾಯಿತಾ, ಇಲ್ಲವಾ? ರೋಗ ತಂದದ್ದು ಯಾವುದು ಅನ್ನುವುದಕ್ಕೆ ಅದಕ್ಕಿಂತ ನೇರ ಪುರಾವೆ ಬೇರೆ ಇಲ್ಲ. ಒಂದೇ ಸೈನಸ್‌ನಲ್ಲಿ ಎರಡೂ ಫಂಗಸ್ ಇದ್ದರೂ ಕಾಣುತ್ತದೆ. ಕೋವಿಡ್ ಸಮಯದಲ್ಲಿ ಅಂಥ ಜೋಡಿ ಸೋಂಕುಗಳೂ ಇದ್ದವು.

ಅಗಾರ್‌ತಟ್ಟೆ

ಜೋಡಿ ಸೋಂಕಿನ ಮಾತು ಒಪ್ಪಿದೆ. ಹಾಗಿದ್ದರೆ ಎರಡೂ ಮಾಡಿಸಲಿ. ನನ್ನ ಹಟ ಸಲೈನ್ ಡಬ್ಬಿಯ ಬಗ್ಗೆ ಮಾತ್ರ.

ಕಿಡ್ನಿವಾರ್ಡ್

ಚರ್ಚೆ ಮ್ಯೂಕರ್ ಸುತ್ತಲೇ ನಡೆಯುತ್ತಿದೆ. ನನ್ನ ದೃಷ್ಟಿಯಲ್ಲಿ ಐಎಚ್‌ಸಿಯ ಕೈ ಪಳಗಿರುವುದು ಬೇರೆ ಕಡೆ. ಕಿಡ್ನಿ ಕಸಿಯಾದವರನ್ನು ನೋಡಿಕೊಳ್ಳುವವನಾಗಿ ಹೇಳುತ್ತಿದ್ದೇನೆ.

ಕಸಿ ಮಾಡಿದ ಕಿಡ್ನಿ ಕೆಟ್ಟಾಗ ಬಯಾಪ್ಸಿ ತೆಗೆಯುತ್ತೇವೆ. ಕೊಳವೆಗಳ ಸುತ್ತ ಬಿಳಿ ರಕ್ತಕಣಗಳು ತುಂಬಿರುತ್ತವೆ. ಮೈ ಕಿಡ್ನಿಯನ್ನು ತಿರಸ್ಕರಿಸುತ್ತಿದೆಯಾ, ಬಿಕೆ ಪಾಲಿಯೋಮಾ ವೈರಸ್ ಹತ್ತಿದೆಯಾ? ಮಾಮೂಲಿ ಸ್ಟೇನ್‌ನಲ್ಲಿ ಎರಡೂ ಒಂದೇ ಥರ ಕಾಣಬಹುದು. ಚಿಕಿತ್ಸೆ ಮಾತ್ರ ತಲೆಕೆಳಗು. ತಿರಸ್ಕಾರವಾದರೆ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಏರಿಸಬೇಕು, ವೈರಸ್ ಆದರೆ ಅದೇ ಔಷಧಿ ಇಳಿಸಬೇಕು. ಎಸ್‌ವಿ40 ಆಂಟಿಬಾಡಿ ಹಾಕಿದರೆ ವೈರಸ್ ಇರುವ ಕೊಳವೆಯ ಕೋಶಗಳ ನ್ಯೂಕ್ಲಿಯಸ್ ಕಂದಾಗಿ ಎದ್ದು ಕಾಣುತ್ತದೆ. ಎಸ್‌ವಿ40 ಅಂದರೆ ಕೋತಿಯ ವೈರಸ್. ಅದರ ಆಂಟಿಬಾಡಿ ಹತ್ತಿರದ ಸಂಬಂಧಿಯಾದ ಬಿಕೆಗೂ ಅಂಟುತ್ತದೆ. ಮೇಲೆ ಬೈಸಿಕೊಂಡ ಅಡ್ಡಹಿಡಿತ ಇಲ್ಲಿ ನಮ್ಮನ್ನು ಕಾಯುತ್ತಿದೆ.

ಸಿಎಂವಿ (ಸೈಟೊಮೆಗಾಲೊ ವೈರಸ್) ಇನ್ನೊಂದು. ಅಲ್ಸರೇಟಿವ್ ಕೊಲೈಟಿಸ್ (ಕರುಳಿನ ಹುಣ್ಣಿನ ಕಾಯಿಲೆ) ಇದ್ದವರಿಗೆ ಸ್ಟೆರಾಯ್ಡ್ ಕೊಟ್ಟರೂ ಭೇದಿ, ರಕ್ತ ನಿಲ್ಲದಿದ್ದರೆ ಕರುಳಿನ ಬಯಾಪ್ಸಿಯಲ್ಲಿ ಸಿಎಂವಿ ಹುಡುಕಲೇಬೇಕು. ಗೂಬೆ ಕಣ್ಣಿನಂಥ ದೊಡ್ಡ ಕೋಶ ಸಿಕ್ಕರೆ ಯಾವ ಸ್ಟೇನೂ ಬೇಡ. ಆದರೆ ಬಹಳ ಸಲ ಕೋಶ ಅಷ್ಟು ಚೆನ್ನಾಗಿ ಕಾಣುವುದಿಲ್ಲ, ಹುಣ್ಣಿನ ತಳದಲ್ಲಿ ಒಂದೋ ಎರಡೋ ಇರುತ್ತವೆ. ಐಎಚ್‌ಸಿ ಅವನ್ನು ಹೆಕ್ಕಿ ಕೊಡುತ್ತದೆ. ಅದಕ್ಕೆ ಗ್ಯಾನ್‌ಸಿಕ್ಲೋವಿರ್ ಅನ್ನುವ ಔಷಧಿ ಇದೆ. ಗೊತ್ತಾಗದೆ ಸ್ಟೆರಾಯ್ಡ್ ಏರಿಸುತ್ತಾ ಹೋದರೆ ಕೊನೆಗೆ ಕರುಳೇ ತೆಗೆಯಬೇಕಾಗಬಹುದು.

ಎಚ್‌ಐವಿ ಇರುವವರ ಮೆದುಳಿನ ಬಯಾಪ್ಸಿಯಲ್ಲಿ ಟಾಕ್ಸೋಪ್ಲಾಸ್ಮಾ ಹುಡುಕುವುದೂ ಇದೇ ಕಥೆ. ಸತ್ತ ಅಂಗಾಂಶದ ನಡುವೆ ಚದುರಿದ ಪರಾವಲಂಬಿಗಳು ಕೋಶದ ಚೂರುಗಳ ಹಾಗೇ ಕಾಣುತ್ತವೆ. ಬರೀ ಕಣ್ಣಿಗೆ ಬೇರ್ಪಡಿಸಲು ಕಷ್ಟ, ಐಎಚ್‌ಸಿ ತೋರಿಸಿಕೊಡುತ್ತದೆ.

ಸ್ಲೈಡ್‌ಪೆಟ್ಟಿಗೆ

ಇದಕ್ಕೆ ನ್ಯುಮೋನಿಯಾ ತರುವ ನ್ಯುಮೋಸಿಸ್ಟಿಸ್ ಸೇರಿಸಲೇಬೇಕು. 1981ರ ಜೂನ್ 5ರಂದು ಅಮೆರಿಕದ ಸಿಡಿಸಿ ವಾರಪತ್ರಿಕೆಯಲ್ಲಿ ಲಾಸ್ ಏಂಜಲಿಸ್‌ನ 5 ಯುವಕರ ವಿಷಯ ಬಂತು. ಏಡ್ಸ್ ಜಗತ್ತಿಗೆ ಮೊದಲು ತಿಳಿದದ್ದು ಆ ವರದಿಯಿಂದ. ಅವರೆಲ್ಲರಿಗೂ ಇದ್ದದ್ದು ಈ ನ್ಯುಮೋನಿಯಾವೇ. ಆಗ ಅದನ್ನು ಪರಾವಲಂಬಿ ಅಂದುಕೊಂಡಿದ್ದರು, ಫಂಗಸ್ ಅಂತ ಖಾತ್ರಿಯಾದದ್ದು 1988ರಲ್ಲಿ. ಇದನ್ನು ಮಾಮೂಲಿ ಲ್ಯಾಬಿನಲ್ಲಿ ಬೆಳೆಸಲು ಆಗುವುದಿಲ್ಲ, ಹಾಗಾಗಿ ಕಲ್ಚರ್ ದಾರಿಯೇ ಮುಚ್ಚಿದೆ. ಜಿಎಂಎಸ್ ಅದರ 5–8 ಮೈಕ್ರಾನ್ ಗೂಡುಗಳನ್ನು ಮಾತ್ರ ಕಪ್ಪಾಗಿ ತೋರಿಸುತ್ತದೆ. ಜಾಸ್ತಿ ಸಂಖ್ಯೆಯಲ್ಲಿರುವ ಸಣ್ಣ ರೂಪಗಳನ್ನು ಬಿಟ್ಟುಬಿಡುತ್ತದೆ. ಆಂಟಿಬಾಡಿ ಎರಡನ್ನೂ ಹಿಡಿಯುತ್ತದೆ. ಸ್ಟೆರಾಯ್ಡ್, ಕೀಮೋ ತೆಗೆದುಕೊಳ್ಳುವವರಲ್ಲಿ ಕ್ರಿಮಿಗಳ ಸಂಖ್ಯೆ ಎಚ್‌ಐವಿ ರೋಗಿಗಳಿಗಿಂತ ಕಮ್ಮಿ ಇರುತ್ತದೆ, ಅಲ್ಲೇ ಇದರ ಬೆಲೆ ಗೊತ್ತಾಗುವುದು.

ಕರಾವಳಿ ಚರ್ಮ

ಮಂಗಳೂರು ಕಡೆಯ ಚರ್ಮವೈದ್ಯೆ. ಐಎಚ್‌ಸಿ ಎಲ್ಲದಕ್ಕೂ ಬೇಡ ಅಂತ ಹೇಳಲು ಬಂದೆ.

ನಮ್ಮಲ್ಲಿ ಮೂಗಿನೊಳಗೆ ಕೆಂಪು ಗಡ್ಡೆ ಬೆಳೆದು ರಕ್ತ ಬರುವ ರೈನೋಸ್ಪೋರಿಡಿಯೋಸಿಸ್ ಇದೆ. ಕೆರೆ, ಹೊಂಡದಲ್ಲಿ ಮುಳುಗು ಹಾಕುವವರಲ್ಲಿ ಕಾಣುತ್ತೇವೆ. ಅದರ ಚೀಲಗಳು ಎಷ್ಟು ದೊಡ್ಡವು ಅಂದರೆ ಮಾಮೂಲಿ ಸ್ಟೇನ್‌ನಲ್ಲಿ ಕಡಿಮೆ ಪವರ್‌ನಲ್ಲೇ ಸಾವಿರಾರು ಬೀಜಗಳ ಸಮೇತ ಕಾಣುತ್ತವೆ. ಆಂಟಿಬಾಡಿಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಇನ್ನೊಂದು ಕ್ರೋಮೋಬ್ಲಾಸ್ಟೋಮೈಕೋಸಿಸ್. ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿಗೆ ಮುಳ್ಳು ಚುಚ್ಚಿ ಶುರುವಾಗಿ, ವರ್ಷಗಟ್ಟಲೆ ನರುಲಿಯ ಹಾಗೆ ಹಬ್ಬುತ್ತದೆ. ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ. ಈ ಫಂಗಸ್‌ನ ಗೋಡೆಯಲ್ಲೇ ಮೆಲನಿನ್ ಇದೆ. ಸ್ಟೇನ್ ಹಾಕದೆಯೂ ತಾಮ್ರದ ಬಣ್ಣದ ಗುಂಡು ಕೋಶಗಳು ಕಾಣುತ್ತವೆ. ಇಂಥ ಸ್ಲೈಡಿಗೆ ಡಿಎಬಿ ಹಾಕಿದರೆ ಯಾವುದು ಟೆಸ್ಟಿನ ಕಂದು, ಯಾವುದು ಫಂಗಸ್‌ನ ಕಂದು ಅಂತ ಯಾರು ಹೇಳುತ್ತಾರೆ? ಚರ್ಮದಲ್ಲಿ ನಮ್ಮದೇ ಮೆಲನಿನ್ ಬೇರೆ. ಮಾಡಿಸಲೇಬೇಕು ಅಂದರೆ ಕೆಂಪು ಬಣ್ಣ ಕೊಡುವ ದ್ರಾವಣ ಬಳಸಿ ಅಂತ ಮೊದಲೇ ಬರೆದುಕೊಡಬೇಕು.

ಇನ್ನು ಬಿಸಿಜಿ (ಕ್ಷಯದ ಲಸಿಕೆಯ ಬ್ಯಾಕ್ಟೀರಿಯಾ) ವಿರುದ್ಧದ ಆಂಟಿಬಾಡಿ. ಕ್ಷಯ ಅಂತ ಅನುಮಾನ ಬಂದ ಚರ್ಮದ ಬಯಾಪ್ಸಿಗೆ ಇದನ್ನು ಹಾಕಿ, ಪಾಸಿಟಿವ್ ಅಂದಕೂಡಲೇ ಟಿಬಿ ಮಾತ್ರೆ ಶುರು ಮಾಡುವುದನ್ನು ನೋಡಿದ್ದೇನೆ. ಅದು ಎಷ್ಟೋ ಬ್ಯಾಕ್ಟೀರಿಯಾ, ಫಂಗಸ್‌ಗಳಿಗೂ ಅಂಟುತ್ತದೆ. ಇಲ್ಲಿ ಏನೋ ಒಂದು ಕ್ರಿಮಿ ಇದೆ, ಹುಡುಕಿ ಅಂತ ಎಚ್ಚರಿಸಲು ಬಹಳ ಒಳ್ಳೆಯದು. ಹೆಸರು ಹೇಳಲು ಅಲ್ಲ.

ಬಿದಿರುಮೆಳೆ

ದಾವಣಗೆರೆಯವನು, ಈಗ ಮಣಿಪುರದಲ್ಲಿ ಕೆಲಸ. ಇಲ್ಲಿಯ ಮಾತು ಒಂದು ಹೇಳ್ತೀನಿ. ಎಚ್‌ಐವಿ ಇರುವವರಿಗೆ ಜ್ವರ, ಮುಖದ ಮೇಲೆ ನಡುವೆ ಗುಳಿ ಬಿದ್ದ ಗುಳ್ಳೆಗಳು. ಬಯಾಪ್ಸಿಯಲ್ಲಿ ಮ್ಯಾಕ್ರೋಫೇಜ್ ಅನ್ನುವ, ಕ್ರಿಮಿ ನುಂಗುವ ಕೋಶಗಳ ತುಂಬ 2–4 ಮೈಕ್ರಾನ್ ಚುಕ್ಕಿಗಳು. ಉತ್ತರ ಭಾರತದ ಗಂಗಾ ಬಯಲಿನವರಾದರೆ ಹಿಸ್ಟೊಪ್ಲಾಸ್ಮಾ ಫಂಗಸ್ ಅನ್ನುತ್ತೇವೆ. ಇಲ್ಲಿ ಟ್ಯಾಲರೊಮೈಸಿಸ್ ಮಾರ್ನೆಫೈ ಇದೆ, ಬಿದಿರಿನ ಇಲಿಗಳಲ್ಲಿ ಇರುವ ಫಂಗಸ್. ಹಿಸ್ಟೊಪ್ಲಾಸ್ಮಾ ಮೊಗ್ಗು ಬಿಟ್ಟು ಬೆಳೆಯುತ್ತದೆ, ಇದು ನಡುವೆ ಅಡ್ಡಗೋಡೆ ಕಟ್ಟಿ ಎರಡಾಗುತ್ತದೆ. ಜಿಎಂಎಸ್ ಸ್ಲೈಡಿನಲ್ಲಿ ತಾಳ್ಮೆಯಿಂದ ಕೂತು ಆ ಅಡ್ಡಗೆರೆ ಹುಡುಕಬೇಕು. ಲೀಷ್ಮೇನಿಯಾ (ಕಾಲಾ ಅಜಾರ್ ತರುವ ಪರಾವಲಂಬಿ) ಕೂಡ ಇದೇ ಅಳತೆ, ಆದರೆ ಜಿಎಂಎಸ್ ಹಿಡಿಯುವುದಿಲ್ಲ. ಇಂಥ ಕಡೆ ಗ್ಯಾಲಕ್ಟೋಮ್ಯಾನನ್ ಆಂಟಿಬಾಡಿ ಹಾಕಿ ಬರುವ ಕಂದನ್ನು ಆಸ್ಪರ್ಜಿಲಸ್ ಅಂದುಬಿಟ್ಟರೆ ಅನ್ಯಾಯ. ರೋಗಿ ಯಾವ ಊರಿನವರು, ಎಲ್ಲೆಲ್ಲಿ ಇದ್ದು ಬಂದರು ಅನ್ನುವುದನ್ನು ಬಯಾಪ್ಸಿ ಫಾರಂನಲ್ಲಿ ಬರೆಯಿರಿ ಅಂತ ನಾನು ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಬೆಂಗಳೂರಿಗೆ ಈಶಾನ್ಯದಿಂದ ಎಷ್ಟೊಂದು ಜನ ಕೆಲಸಕ್ಕೆ ಬರುತ್ತಾರೆ.

ಕೆರೆದಂಡೆ

ಎಲ್ಲರ ಮಾತನ್ನೂ ಪ್ರಿಂಟ್ ತೆಗೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟೆ. ಬೇಸರ ಮಾಡಿಕೊಳ್ಳದೆ ಓದಿದರು. ಮೊದಲ ಸಲ ತುಣುಕು ಪೂರ್ತಿ ಫಾರ್ಮಲಿನ್‌ಗೇ ಹೋಗಿತ್ತಂತೆ. ನಿನ್ನೆ ಸತ್ತ ಭಾಗವನ್ನು ಕೆರೆದು ತೆಗೆಯುವ ಆಪರೇಷನ್ ಆಯಿತು. ಈ ಸಲ ಒಂದು ಚೂರು ಸಲೈನ್‌ನಲ್ಲಿ ಮೈಕ್ರೋಬಯಾಲಜಿಗೆ ಹೋಗಿದೆ. ಅವತ್ತೇ ಸಂಜೆ ಫೋನ್ ಬಂತು: ಅಗಲ ಎಳೆ, ಅಡ್ಡಗೋಡೆ ಕಾಣುತ್ತಿಲ್ಲ, ಮ್ಯೂಕರ್ ಇರಬಹುದು. ಡ್ರಿಪ್ ಮುಂದುವರಿಸಿದ್ದಾರೆ. ಸಲೈನ್ ಜಾಸ್ತಿ ಕೊಟ್ಟು ಕಿಡ್ನಿ ನೋಡಿಕೊಳ್ಳುತ್ತಿದ್ದಾರೆ. ಸಕ್ಕರೆ ಹತೋಟಿಗೆ ಬಂದಿದೆ. ಇನ್ನು ಹಳೆಯ ಬ್ಲಾಕಿಗೂ ಐಎಚ್‌ಸಿ ಬೇಕಾ?

ಅಗಾರ್‌ತಟ್ಟೆ

ಒಳ್ಳೆಯ ಸುದ್ದಿ ಮೇಡಂ. ಪೊಟ್ಯಾಸಿಯಂ ಮಟ್ಟವನ್ನೂ ನೋಡ್ತಿದ್ದಾರಾ ಕೇಳಿ, ಆಂಫೊಟೆರಿಸಿನ್ ಅದನ್ನು ಇಳಿಸುತ್ತದೆ. ಕಲ್ಚರ್‌ನಲ್ಲಿ ಮ್ಯೂಕರ್ ಬೆಳೆಯುವುದಾದರೆ ಸಾಮಾನ್ಯವಾಗಿ ಕೆಲವೇ ದಿನದಲ್ಲಿ ತಟ್ಟೆ ತುಂಬುತ್ತದೆ.

ಸ್ಲೈಡ್‌ಪೆಟ್ಟಿಗೆ

ಕಲ್ಚರ್ ಬೆಳೆದು, ಸ್ಲೈಡಿನ ಚಿತ್ರಕ್ಕೂ ಅದಕ್ಕೂ ತಾಳೆಯಾದರೆ ಐಎಚ್‌ಸಿ ಬೇಡ, ಆ ದುಡ್ಡು ಔಷಧಿಗೆ ಇರಲಿ. ಬೆಳೆಯದಿದ್ದರೆ, ಅಥವಾ ಸ್ಲೈಡಿನಲ್ಲಿ ಎರಡು ಥರದ ಎಳೆ ಕಂಡರೆ ಮಾಡಿಸಿ. ಆಗ ಹೊಸ ಆಪರೇಷನ್ನಿನ ಬ್ಲಾಕ್ ಕಳಿಸಿ, ಅದರಲ್ಲಿ ತುಣುಕು ದೊಡ್ಡದಿರುತ್ತದೆ.

ಪ್ಯಾರಾಫಿನ್ ಕೈ

ಕಳಿಸುವಾಗ ಬ್ಲಾಕ್ ಜೊತೆ ಮಾಮೂಲಿ ಸ್ಟೇನ್ ಸ್ಲೈಡ್, ಜಿಎಂಎಸ್ ಸ್ಲೈಡ್, ರಿಪೋರ್ಟಿನ ಪ್ರತಿ ಇರಲಿ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ, ಮೇಣ ಕರಗುತ್ತದೆ. ಕೊರಿಯರ್ ಆದರೆ ಗಟ್ಟಿ ಡಬ್ಬಿಯಲ್ಲಿ ಹತ್ತಿ ಸುತ್ತಿ ಕಳಿಸಿ. ಬ್ಲಾಕಿನ ಮೇಲಿನ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ, ಕೆಲಸ ಮುಗಿದ ಮೇಲೆ ಅದೇ ನಂಬರಿನದ್ದು ವಾಪಸ್ ಬಂತಾ ನೋಡಿ ಲ್ಯಾಬಿಗೆ ಮರಳಿಸಿ.